ಬೆನ್ನೊರಗಿನವರು: ಕರೆಯುವ ತನಕ

ಕಲೆ ಇದ್ದದ್ದು ಜುಬ್ಬಾದ ಬೆನ್ನಿಗೆ.

ಎದೆಯ ಮೇಲೆ ಚಹಾ ಚೆಲ್ಲಬಹುದು, ತೋಳಿಗೆ ಮಶಿನ್ನಿನ ಎಣ್ಣೆ ತಾಗಬಹುದು. ಆದರೆ ಎರಡು ಹೆಗಲುಗಳ ನಡುವೆ ಅಂಗೈಯಗಲ ನೀಲಿ ಬಣ್ಣ ಹತ್ತಬೇಕಾದರೆ ಮನುಷ್ಯ ಯಾತಕ್ಕಾದರೂ ಒರಗಿರಬೇಕು, ಇಲ್ಲವೇ ಯಾರಿಗಾದರೂ ಒರಗಿರಬೇಕು. ಪಿಎಸ್‌ಐ ಸಂಘಮಿತ್ರಾ ಆ ಬಿಳಿ ಜುಬ್ಬಾವನ್ನು ಹೊರಸಿನ ಮೇಲೆ ಹರವಿಟ್ಟು, ಎದುರಿಗೆ ಕೂತ ಮುದುಕಿಯ ಮುಖವನ್ನೇ ನೋಡುತ್ತಿದ್ದಳು. ಇಂಡಿ ಪಟ್ಟಣದ ಹೊರಗಿನ ನಿಂಬೆ ತೋಟ ಅದು. ಮಧ್ಯಾಹ್ನದ ಬಿಸಿಲು ಗಿಡದ ಕೆಳಗೂ ಬಿಡುತ್ತಿರಲಿಲ್ಲ.

ಮುದುಕಿ ಸಾವಂತ್ರವ್ವ ಜುಬ್ಬಾದ ಕಡೆ ಕಣ್ಣು ಹಾಯಿಸಲೂ ಇಲ್ಲ. ಮೊದಲು ಚಹಾ ಆಗಲಿ, ಅರಿವೆಯ ಮಾತು ಆಮೇಲೆ ಎಂದಳು. ಖಾಕಿ ಕಂಡರೆ ಎದ್ದು ನಿಲ್ಲುವ ಪೈಕಿ ಅಲ್ಲ ಅವಳು.

ಮುದ್ದೇಬಿಹಾಳದ ದರ್ಜಿ ಅಬ್ದುಲರಜಾಕರು ಮನೆ ಬಿಟ್ಟು ಇವತ್ತಿಗೆ ನಾಲ್ಕು ದಿನ. ಫೋನು ಮನೆಯಲ್ಲಿದೆ, ಸಕ್ಕರೆ ಕಾಯಿಲೆಯ ಗುಳಿಗೆಯೂ ಮನೆಯಲ್ಲಿದೆ, ಮನುಷ್ಯ ಮಾತ್ರ ಎಲ್ಲಿಯೂ ಇಲ್ಲ. ಬೆನ್ನೊರಗಿನವರು ಎಂಬ ಗುಟ್ಟಿನ ಪಂಥಕ್ಕೆ ನಾಲ್ಕು ತಾಲೂಕಿಗೆ ನಾಲ್ವರು ಹಿರಿಯರು. ಮುದ್ದೇಬಿಹಾಳಕ್ಕೆ ಅವರು, ಇಂಡಿಗೆ ಈ ಸಾವಂತ್ರವ್ವ.

ಜುಬ್ಬಾ ತಂದುಕೊಟ್ಟವಳು ಅವರ ಮಗಳು ಗುಲನಾಜ. ಕಾಣೆಯಾಗುವ ಮೂರು ದಿನ ಮೊದಲು ಅಪ್ಪ ಇದನ್ನೇ ಹಾಕಿಕೊಂಡು ಮಸೂತಿ ಹಳ್ಳಿಗೆ ಹೋಗಿ ಬಂದರು, ಮೂರು ಸಲ ಒಗೆದರೂ ಕಲೆ ಬಿಡಲಿಲ್ಲ ಎಂದಿದ್ದಳು. ಇನ್ನೆರಡು ದಿನ ಗುಳಿಗೆ ತಪ್ಪಿದರೆ ಜೀವಕ್ಕೇ ಎರವು ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದ್ದಳು. ಅಳಲಿಲ್ಲ. ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಮಾತ್ರ ತಿರುಗಿ ನಿಂತಳು.

"ಗುಟ್ಟು ಗಿಟ್ಟು ಎಲ್ಲಾ ಆಮ್ಯಾಲ ಹುಡುಕ್ರಿ ಮೇಡಂ. ನನಗ ನಮ್ಮಪ್ಪ ಜೀವಂತ ಬೇಕು."

ಆ ಮಾತು ಸಂಘಮಿತ್ರಾಳ ಕಿವಿಯಲ್ಲಿ ಇನ್ನೂ ಕೂತಿತ್ತು.

ಮೊನ್ನೆಯ ತನಕ ಸಂಶಯವೆಲ್ಲ ಸಿಂದಗಿಯ ಉಪನ್ಯಾಸಕ ಶ್ರೀಶೈಲನ ಮೇಲೆ. ಈ ಪಂಥದ ಬೋಧೆಯನ್ನು ಮೈಕಿನಲ್ಲಿ ಹಿಡಿದಿಡಬೇಕೆಂದು ಅವನು ಅಬ್ದುಲರಜಾಕರ ಬೆನ್ನು ಬಿದ್ದಿದ್ದ, ಬೈಸಿಕೊಂಡಿದ್ದ. ಆದರೆ ಅವರು ಹೋದ ದಿನ ಆ ಮಹಾಶಯ ಬೆಳಗಿನಿಂದ ಸಂಜೆಯ ತನಕ ಪರೀಕ್ಷಾ ಕೋಣೆಯಲ್ಲಿ ನಕಲು ಹಿಡಿಯುತ್ತಿದ್ದ. ನೋಡಿದವರು ಕೋಣೆ ತುಂಬ ಇದ್ದರು. ಅಲ್ಲದೆ ಅವನ ಇಸ್ತ್ರಿಯ ಅಂಗಿಗಳಲ್ಲಿ ನೀಲಿಯ ಹನಿಯೂ ಇರಲಿಲ್ಲ.

ನೀಲಿಯನ್ನು ಸಂಘಮಿತ್ರಾ ಕಂಡ ಕೂಡಲೇ ಗುರುತಿಸಿದ್ದಳು. ಸೋದರಮಾವನ ನಿಂಬೆ ಗಿಡಗಳ ನಡುವೆ ಓಡಾಡಿ ಬೆಳೆದವಳು. ಮೈಲುತುತ್ತ, ಸುಣ್ಣ ಕಲಸಿ ಗಿಡಕ್ಕೆ ಹೊಡೆಯುವ ಔಷಧದ ಬಣ್ಣ ಅದು. ಪಂಪು ಬೆನ್ನಿಗೆ ಕಟ್ಟಿಕೊಂಡು ಹೊಡೆಯುತ್ತಾರೆ. ಮುಚ್ಚಳ ಸಡಿಲಾಗಿ ಸೋರಿದರೆ ಹೊಡೆಯುವವನ ಬೆನ್ನೆಲ್ಲ ನೀಲಿ. ಅಂಥ ಬೆನ್ನಿಗೆ ಯಾರಾದರೂ ಬೆನ್ನು ಹಚ್ಚಿ ಕೂತರೆ ಅವರಿಗೂ ಅದರ ಪಾಲು.

ಹಾಗೆ ಬೆನ್ನು ಹಚ್ಚಿ ಕೂಡುವವರು ಈ ಸೀಮೆಯಲ್ಲಿ ಒಂದೇ ಬಳಗದವರು.

ಶ್ರೀಶೈಲ ಅಲ್ಲಿ ಇಲ್ಲಿ ಕೇಳಿ ತಿಳಿದು ಹೇಳಿದ ಪ್ರಕಾರ, ಅವರ ಪಾಠ ಎದುರುಬದುರು ಕೂತು ನಡೆಯುವುದಿಲ್ಲ. ಹೇಳುವವರು, ಕೇಳುವವರು ಬೆನ್ನಿಗೆ ಬೆನ್ನು ಒರಗಿ ಕೂಡುತ್ತಾರೆ. ಮುಖ ನೋಡುವಂತಿಲ್ಲ, ಹೆಸರು ಕೇಳುವಂತಿಲ್ಲ, ಬರೆದಿಡುವುದಂತೂ ಇಲ್ಲವೇ ಇಲ್ಲ. ಇಬ್ಬರ ಉಸಿರೂ ಒಂದೇ ಹದಕ್ಕೆ ಬಂದ ಮೇಲಷ್ಟೇ ಮಾತು. ಒಬ್ಬ ಹಿರಿಯರು ಕಳಿಸಿದ ಮನುಷ್ಯನನ್ನು ಇನ್ನೊಬ್ಬ ಹಿರಿಯರು ಅನುಮಾನಿಸದೆ ಕೂಡಿಸಿಕೊಳ್ಳುತ್ತಾರೆ. ಬಳಗದವರು ಸೇರುವ ಮಸೂತಿಯ ಬತ್ತಿದ ಬಾವಿಯಲ್ಲಿ ಅಬ್ದುಲರಜಾಕರು ಅಂಥ ಯಾರಿಗೋ ಪಾಠ ಕೊಟ್ಟಿದ್ದರು. ಆ ಮನುಷ್ಯ ಬಂದದ್ದು ನಿಂಬೆ ತೋಟದಿಂದ. ಬಳಗದಲ್ಲಿ ನಿಂಬೆ ತೋಟ ಇದ್ದವಳು ಸಾವಂತ್ರವ್ವ ಒಬ್ಬಳೇ.

"ಆಯಿ, ಅಬ್ದುಲರಜಾಕ ಸಾಹೇಬರ ಹತ್ರ ನೀವು ಯಾರನ್ನರ ಕಳಿಸಿದ್ರೇನ್ರಿ?" ಎಂದು ಸಂಘಮಿತ್ರಾ ಕೇಳಿದಳು.

"ಇಲ್ಲ ತಂಗಿ. ನಾ ಯಾರನ್ನೂ ಕಳಿಸಿಲ್ಲ."

ಕಣ್ಣು ಅಲುಗಲಿಲ್ಲ, ದನಿ ಅದುರಲಿಲ್ಲ. ಹತ್ತು ವರ್ಷದ ನೌಕರಿಯಲ್ಲಿ ಸುಳ್ಳಿನ ಬಗೆಬಗೆಯನ್ನೂ ಕಂಡಿದ್ದ ಸಂಘಮಿತ್ರಾಳಿಗೆ ಇದು ಸುಳ್ಳಲ್ಲ ಎಂಬುದು ಖಚಿತವಾಯಿತು. ಹಾಗಾದರೆ ಯಾರೋ ಸಾವಂತ್ರವ್ವನ ಹೆಸರು ಹೇಳಿಕೊಂಡು ಹೋಗಿದ್ದಾರೆ. ಮುಖ ನೋಡದ ಪದ್ಧತಿಯೇ ಕಳ್ಳನಿಗೆ ಬಾಗಿಲು ತೆರೆದುಕೊಟ್ಟಿದೆ. ಹೀಗೆ ಎಣಿಸಿ ಅವಳಿಗೆ ಆ ಪದ್ಧತಿಯ ಮೇಲೇ ಸ್ವಲ್ಪ ಸಿಟ್ಟು ಬಂತು.

ಅಷ್ಟು ನಂಬುವುದು ಹುಚ್ಚುತನ ಅಲ್ಲವೇ ಎಂದು ಕೇಳಿಯೇ ಬಿಟ್ಟಳು. ಮುದುಕಿ ಕೋಪಿಸಿಕೊಳ್ಳಲಿಲ್ಲ. ಕಾಲು ಚಾಚಿ, ಸೆರಗು ಸರಿಮಾಡಿಕೊಂಡು, ಮೊಮ್ಮಗಳಿಗೆ ಹೇಳುವ ಹಾಗೆ ಶುರು ಮಾಡಿದಳು.

"ಬಾದಶಾನ ಕಾಲದಾಗ ಇಬ್ಬರು ಬಾವಿ ತೋಡವ್ರು ಇದ್ರು. ಒಬ್ಬ ಮದಾರಸಾಬ, ಒಬ್ಬ ಗುರುಸಿದ್ದ. ಕೂಲಿ ಒಂದ, ಹಗ್ಗ ಒಂದ. ಆದ್ರ ಒಬ್ಬರ ಬಿಂದಗಿ ಒಬ್ಬರು ಮುಟ್ಟತಿದ್ದಿಲ್ಲ."

ಕೃಷ್ಣೆಯ ದಂಡೆಯ ಬಾವಿಯಂತೆ. ಇನ್ನೇನು ನೀರು ಸಿಗಬೇಕು ಅನ್ನುವಾಗ ಮೇಲಿನ ಮಣ್ಣು ಕುಸಿಯಿತು. ಇಬ್ಬರೂ ಸತ್ತರೆಂದು ಊರು ತಿಳಿಯಿತು. ಸತ್ತಿರಲಿಲ್ಲ. ಇಕ್ಕಟ್ಟಿನ ಸಂದಿಯೊಂದರಲ್ಲಿ ಬೆನ್ನಿಗೆ ಬೆನ್ನು ಹತ್ತಿ ಸಿಕ್ಕಿಬಿದ್ದಿದ್ದರು. ಹೊರಳಿ ಒಬ್ಬರ ಮುಖ ಒಬ್ಬರು ನೋಡಲೂ ಜಾಗವಿರಲಿಲ್ಲ. ಮೊದಲು ನಿನ್ನಿಂದಲೇ ಆಯಿತು, ನಿನ್ನಿಂದಲೇ ಆಯಿತು ಎಂದು ಬೈದಾಡಿದರು. ಬೈಗುಳ ತೀರಿದ ಮೇಲೆ ತಮ್ಮ ತಮ್ಮ ದೇವರನ್ನು ಕರೆದರು. ಅದೂ ತೀರಿತು. ಆಮೇಲೆ ಆ ಕತ್ತಲೆಯಲ್ಲಿ ಉಳಿದದ್ದು ಬೆನ್ನಿಗೆ ತಾಗುವ ಇನ್ನೊಬ್ಬನ ಉಸಿರು. ಅದು ನಿಂತರೆ ತಾನು ಒಂಟಿ ಎಂಬುದು ಇಬ್ಬರಿಗೂ ಏಕಕಾಲಕ್ಕೆ ತಿಳಿಯಿತು.

"ಮಾರಿ ನೋಡಿದ್ರ ಹಣಿ ಮ್ಯಾಲಿನ ಈಬತ್ತಿ ಕಾಣ್ತೈತಿ, ಗಡ್ಡ ಕಾಣ್ತೈತಿ, ಯಾವ ಓಣ್ಯಾಂವ ಅನ್ನೂದು ಕಾಣ್ತೈತಿ," ಎಂದಳು ಸಾವಂತ್ರವ್ವ. "ಬೆನ್ನಿಗಿ ಏನ ಐತಿ ತಂಗಿ? ಬೆನ್ನಿಗಿ ಉಸರು ಒಂದ ತಿಳೀತೈತಿ."

ಸಂಘಮಿತ್ರಾ ಕೈಯಲ್ಲಿದ್ದ ಚಹಾ ಮರೆತಳು. ಅವಳ ಅಜ್ಜಿ ಇಂಥದೇ ಯಾವುದೋ ಊರಿನ ಬಾವಿಯ ಕಟ್ಟೆಯಿಂದ ದೂರ ನಿಂತು, ಯಾರಾದರೂ ಕೊಡಕ್ಕೆ ನೀರು ಸುರಿಯಲಿ ಎಂದು ಕಾಯುತ್ತಿದ್ದವಳು. ನೆಲದ ಮೇಲೆ ಬಾವಿಗಳು ಜನರನ್ನು ಬೇರೆ ಮಾಡುತ್ತಿದ್ದ ಕಾಲಕ್ಕೆ ನೆಲದ ಕೆಳಗೊಂದು ಬಾವಿ ಇಬ್ಬರನ್ನು ಕೂಡಿಸಿತ್ತು. ಸಿಟ್ಟೆಲ್ಲ ಇಳಿದು ಅವಳಿಗೆ ಈ ಬಳಗದ ಮೇಲೆ ನಿಜವಾದ ಗೌರವ ಬಂತು. ನಾನೂರು ವರ್ಷ ಗುಡಿ ಕಟ್ಟದೆ, ದರ್ಗಾ ಕಟ್ಟದೆ, ಕಾಣಿಕೆ ಡಬ್ಬಿ ಇಡದೆ, ಬರೀ ಬಾಯಿಂದ ಕಿವಿಗೆ ಇಷ್ಟನ್ನು ದಾಟಿಸಿಕೊಂಡು ಬಂದಿದ್ದಾರಲ್ಲ ಈ ಜನ.

ಆ ಕತ್ತಲಲ್ಲಿ ಇಬ್ಬರೂ ಆಡಿಕೊಂಡ ಮಾತೇ ಬೋಧೆ. ಅದಕ್ಕೆ ನಾಲ್ಕು ಪದರ. ಒಂದು ಉಸಿರಿನದು, ಒಂದು ಹಸಿವಿನದು, ಒಂದು ಅಂಜಿಕೆಯದು, ಒಂದು ಹೆಸರಿನದು. ಒಬ್ಬ ಹಿರಿಯರ ಎದೆಯಲ್ಲಿ ಒಂದೇ ಪದರ ಇರಬೇಕು. ಎರಡು ಇಟ್ಟುಕೊಂಡವನು ದೊಡ್ಡವನಾಗುತ್ತಾನೆ, ದೊಡ್ಡವನಾದರೆ ಎದುರು ಕೂಡಲು ಶುರು ಮಾಡುತ್ತಾನೆ ಎಂಬುದು ಅವರ ಲೆಕ್ಕ. ಪದರ ದಾಟಿಸುವಾಗ ಸ್ವಂತ ಮನೆಯವರಿಗೆ, ಸ್ವಂತ ಧರ್ಮದವರಿಗೆ ಕೊಡುವಂತಿಲ್ಲ. ಮದಾರಸಾಬನದು ಗುರುಸಿದ್ದನ ಕಡೆಗೆ, ಗುರುಸಿದ್ದನದು ಮದಾರಸಾಬನ ಕಡೆಗೆ ಹೋಗಬೇಕು. ವರ್ಷಕ್ಕೊಮ್ಮೆ ಮಸೂತಿಯಲ್ಲಿ ನಾಲ್ವರೂ ಚೌಕಾಗಿ ಬೆನ್ನು ಕೂಡಿಸಿ ಕೂತು ಒಂದೊಂದೇ ಪದರ ಬಿಚ್ಚುತ್ತಾರೆ.

"ಮಣ್ಣು ತಗದು ಮಂದಿ ಮ್ಯಾಲಿಂದ ಕೂಗಿದ್ರು. ಇಬ್ಬರೂ ಓಗೊಡಲಿಲ್ಲ," ಎಂದು ಮುದುಕಿ ಮುಂದುವರಿಸಿದಳು. "ಕಡೀಕ ಮದಾರಸಾಬನ ಹೆಂಡತಿ ಬಂದು ಮನ್ಯಾಗ ಕರಿಯೂ ಹೆಸರು ಹಿಡದು ಕರದ್ಲು. ಆವಾಗ ಇಬ್ಬರೂ ಅತ್ತರು."

ಅಷ್ಟರಲ್ಲಿ ಗಿಡಗಳ ನಡುವಿನಿಂದ ಮಾಳಿಂಗ ಬಂದ. ತೋಟದ ಕೆಲಸದವನು, ಮೂವತ್ತರ ಗಟ್ಟಿ ಆಳು, ಬೆನ್ನ ಮೇಲೆ ಔಷಧದ ಪಂಪು. ಆಯಿಗೆ ಮಲಗುವ ಹೊತ್ತಾಯಿತು, ಮೇಡಂ ಇನ್ನೊಮ್ಮೆ ಬಂದರೆ ನಡೆಯುತ್ತದೋ ಎಂದು ನಯವಾಗಿ ಕೇಳಿದ. ನಡೆಯುವುದಿಲ್ಲ ಎಂದಳು ಸಂಘಮಿತ್ರಾ, ಅವನಷ್ಟೇ ನಯವಾಗಿ.

ಮುದುಕಿ ಅವಳ ಕಡೆ ತಿರುಗಿ, ಯಾವೂರವಳು ತಂಗಿ ನೀನು ಎಂದಳು. ಬಂದ ಕೂಡಲೇ ಹೇಳಿದ್ದೆನಲ್ಲ ಎಂದುಕೊಳ್ಳುತ್ತ ಸಂಘಮಿತ್ರಾ ಮತ್ತೆ ಹೇಳಿದಳು, ಸಿಂದಗಿ ತಾಲೂಕಿನ ಕನ್ನೊಳ್ಳಿ ಎಂದು. ಚಹಾ ಕುಡಿದೆಯೋ ಎಂದು ಕೇಳಿ ಮುದುಕಿ ಒಲೆಯ ಕಡೆ ಹೊರಟಳು. ಸಂಘಮಿತ್ರಾ ಕುಡಿದಿಟ್ಟ ಖಾಲಿ ಕಪ್ಪು ಮುದುಕಿಯ ಕಾಲ ಬುಡದಲ್ಲೇ ಇತ್ತು. ಮಾಳಿಂಗ ಲಗುಬಗೆಯಿಂದ ಆ ಕಪ್ಪು ಎತ್ತಿಕೊಂಡು, ಆಯಿಯದು ಕೈ ದೊಡ್ಡದು, ಬಂದವರಿಗೆ ಎರಡು ಸಲ ಆಗಲೇಬೇಕು ಎಂದು ನಕ್ಕ.

ಎರಡನೆಯ ಚಹಾವೂ ಬಂತು. ಸಾವಂತ್ರವ್ವ ಕಾಲು ಚಾಚಿ, ಸೆರಗು ಸರಿಮಾಡಿಕೊಂಡಳು.

"ಬಾದಶಾನ ಕಾಲದಾಗ ಇಬ್ಬರು ಬಾವಿ ತೋಡವ್ರು ಇದ್ರು. ಒಬ್ಬ ಮದಾರಸಾಬ, ಒಬ್ಬ ಗುರುಸಿದ್ದ. ಕೂಲಿ ಒಂದ, ಹಗ್ಗ ಒಂದ..."

ಅಕ್ಷರ ಆಚೆಗಿಲ್ಲ, ಈಚೆಗಿಲ್ಲ. ಬಾಯಿಪಾಠದವರ ಶಿಸ್ತು ಇದು ಎಂದು ಮೊದಲು ಸಂಘಮಿತ್ರಾಳಿಗೆ ಅನಿಸಿತು. ಮರುಕ್ಷಣ ಅವಳು ಮಾಳಿಂಗನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಮುಖ ಕಪ್ಪಿಟ್ಟಿತ್ತು, ಮನೆಯ ಮರ್ಯಾದೆ ಬೀದಿಗೆ ಬಂದವನ ಹಾಗೆ.

ಮುದುಕಿ ಸುಳ್ಳು ಹೇಳಿರಲಿಲ್ಲ. ಅವಳಿಗೆ ನೆನಪೇ ಇರಲಿಲ್ಲ.

ಕತೆ ಪೂರ್ತಿ ಮುಗಿಯುವ ತನಕ ಸಂಘಮಿತ್ರಾ ಹೂಂಗುಟ್ಟುತ್ತ ಕೂತಳು, ಮೊದಲ ಸಲ ಕೇಳುವವಳ ಹಾಗೆ. ಮುಗಿದ ಮೇಲೆ ಜುಬ್ಬಾ ಮಡಚಿಕೊಂಡು ನೀರಿನ ತೊಟ್ಟಿಯ ಕಡೆ ನಡೆದಳು. ಮಾಳಿಂಗ ಅಲ್ಲಿ ಪಂಪು ಇಳಿಸುತ್ತಿದ್ದ. ಅಂಗಿಯ ಬೆನ್ನು ನೀಲಿಗಟ್ಟಿತ್ತು.

"ತಿರುಗಿ ನಿಂದ್ರು," ಎಂದಳು.

ಅವನು ತಿರುಗಿದ. ಅವಳು ಜುಬ್ಬಾದ ಬೆನ್ನನ್ನು ಅವನ ಬೆನ್ನಿಗೆ ಹಿಡಿದಳು. ಅಬ್ದುಲರಜಾಕರು ಕುಳ್ಳಗಿನವರು, ಇವನು ಎತ್ತರದವನು. ಕೂತರೆ ಕಲೆ ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂದಿತ್ತು.

"ಮಸೂತಿ ಬಾವ್ಯಾಗ ಸಾಹೇಬರ ಬೆನ್ನಿಗಿ ಕೂತಾಂವ ನೀನ."

"ಆಯಿ ಯಾರನ್ನೂ ಕಳಿಸಿಲ್ಲ ಅಂದ್ಲಲ್ರಿ ಮೇಡಂ."

"ಆಯಿ ನಿನ್ನ ಕಳಿಸ್ಯಾಳ. ಕಳಿಸಿದ್ದು ಆಕಿಗಿ ನೆನಪಿಲ್ಲ. ಅದನ್ನ ಮುಚ್ಚಾಕ ನೀ ಎರಡ ಸಲ ಚಾ ಕುಡಿಸಿದಿ."

ಅವನು ತೊಟ್ಟಿಯ ದಂಡೆಯ ಮೇಲೆ ಕೂತುಬಿಟ್ಟ. ಅಷ್ಟು ದೊಡ್ಡ ಆಳು ಅಳುವುದನ್ನು ನೋಡಲು ಅವಳಿಗೂ ಕಷ್ಟವಾಯಿತು. ಆದರೆ ನಾಲ್ಕು ದಿನದ ಲೆಕ್ಕ ತಲೆಯಲ್ಲಿತ್ತು, ಸುಮ್ಮನಿರುವಂತಿರಲಿಲ್ಲ.

ಅವನು ಹೇಳಿದ್ದು ಇಷ್ಟು. ಹೋದ ಸಲ ನಾಲ್ವರೂ ಚೌಕಾಗಿ ಕೂತಾಗ ಸಾವಂತ್ರವ್ವ ತನ್ನ ಪದರದ ನಡುವೆ ತಡವರಿಸಿದಳು. ಉಳಿದ ಮೂವರು ಉಸಿರು ಹಿಡಿದು ಕಾದರು. ಅವಳು ದಾರಿ ಹಿಡಿದಳು, ಮುಗಿಸಿದಳು, ಯಾರೂ ಏನೂ ಅನ್ನಲಿಲ್ಲ. ಆದರೆ ಅವಳಿಗೇ ತಿಳಿದುಹೋಗಿತ್ತು, ಮನೆಯೊಳಗೆ ಗೆದ್ದಲು ಹೊಕ್ಕಿದೆ ಎಂದು. ಹೆದರಿ ಮುಚ್ಚಿಡುವ ಜೀವ ಅಲ್ಲ. ಪೂರ್ತಿ ಹೋಗುವುದರೊಳಗೆ ದಾಟಿಸಿಬಿಡಬೇಕು ಎಂದು ನಿರ್ಧಾರ ಮಾಡಿದಳು. ಮಾಳಿಂಗನಿಗೆ ಕೊಡುವಂತಿಲ್ಲ, ಅವನು ಮನೆಯ ಮಗನ ಹಾಗೆ ಬೆಳೆದವನು, ಅವಳ ಧರ್ಮದವನೇ. ಆಗ ಅಬ್ದುಲರಜಾಕರು ದಾರಿ ತೋರಿಸಿದರಂತೆ. ನನ್ನ ಪದರ ಮಾಳಿಂಗನಿಗೆ ಕೊಟ್ಟು ನಾನು ಖಾಲಿಯಾಗುತ್ತೇನೆ, ಖಾಲಿಯಾದ ಎದೆಗೆ ನಿನ್ನ ಪದರ ಸುರಿ ಎಂದರು.

ನಲವತ್ತು ವರ್ಷ ದಿನಾ ಮಶಿನ್ನು ತುಳಿಯುತ್ತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಪದರ ಅದು. ಅದನ್ನು ಬಿಟ್ಟುಕೊಡುವಾಗ ದನಿ ಒಂದು ಸಲವೂ ನಡುಗಲಿಲ್ಲ, ಬೆನ್ನು ಮಾತ್ರ ನಡುಗುತ್ತಿತ್ತು ಎಂದು ಮಾಳಿಂಗ ಹೇಳಿದ. ಸಂಘಮಿತ್ರಾ ಜುಬ್ಬಾವನ್ನು ಇನ್ನೊಮ್ಮೆ ನೋಡಿದಳು. ಕಳ್ಳತನದ ಗುರುತು ಎಂದು ಹಿಡಿದುಕೊಂಡು ತಿರುಗುತ್ತಿದ್ದ ಆ ಕಲೆ ಒಬ್ಬ ದೊಡ್ಡ ಮನುಷ್ಯನ ದಾನದ ಗುರುತಾಗಿತ್ತು. ಅವಳಿಗೆ ನಾಚಿಕೆಯಾಯಿತು.

"ಈಗ ಎಲ್ಲಿ ಅದಾರ ಅವರು?"

"ಗೊತ್ತಿಲ್ರಿ."

"ಮಾಳಿಂಗ."

"ಆಯಿ ಆಣಿರಿ ಮೇಡಂ, ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನಿಂದ ಗಾಡಿ ಮ್ಯಾಲ ಕರ್ಕೊಂಡು ಬಂದು ತ್ವಾಟದ ಬಾಗಲದಾಗ ಇಳಿಸಿದ್ನಿ. ಆಯಿ, ಸಾಹೇಬರು ಇಬ್ಬರೂ ನಡಕೋತ ಹೋದ್ರು. ತಿರುಗಿ ನೋಡಬಾರದು ಅನ್ನೂದು ನಮ್ಮ ಕಟ್ಟಳಿ. ನಾ ನೋಡಲಿಲ್ಲ."

ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಗವಿ ಇರುತ್ತದಂತೆ, ಯಾವುದೋ ಹಾಳು ಬಾವಿಯ ಒಡಲಲ್ಲಿ, ಗೋಡೆಯ ಹಿಂದೆ. ಜಾಗ ಆ ಹಿರಿಯರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಪದರ ಪಡೆದವರು ಒಂದು ತತ್ರಾಣಿ ನೀರಿಟ್ಟುಕೊಂಡು ಕತ್ತಲಲ್ಲಿ ಒಬ್ಬರೇ ಕೂಡಬೇಕು, ಮೊದಲಿನ ಇಬ್ಬರು ಕೂತ ಹಾಗೆ. ಕೊಟ್ಟವರು ಮರುದಿನ ಹೋಗಿ ಕರೆದು ಮೇಲೆ ತರಬೇಕು. ಮಾಳಿಂಗನೂ ಒಂದು ರಾತ್ರಿ ಹಾಗೆ ಕೂತು, ಅಬ್ದುಲರಜಾಕರು ಬಂದು ಕರೆದ ಮೇಲೆ ಎದ್ದು ಬಂದಿದ್ದ. ಆ ಸಂಜೆ ಸಾವಂತ್ರವ್ವ ಒಬ್ಬಳೇ ಹಗುರಾಗಿ ನಡೆದು ಬಂದಳು. ಮರುದಿನ ಬೆಳಗ್ಗೆ, ಕರೆಯಲು ಹೋಗೋಣ ನಡಿ ಆಯಿ ಎಂದು ಮಾಳಿಂಗ ನೆನಪಿಸಿದ. ಯಾರನ್ನ ಎಂದು ಕೇಳಿದಳು ಅವಳು.

"ಅವತ್ತ ಸ್ಟೇಷನ್ನಿಗೆ ಯಾಕ ಬರಲಿಲ್ಲ?" ಸಂಘಮಿತ್ರಾಳ ದನಿ ಏರಿತು. "ಸಕ್ಕರಿ ಬ್ಯಾನಿ ಮನಶ್ಯಾ. ಮಗಳು ಅಲ್ಲಿ ಊಟಾ ಬಿಟ್ಟು ಕುಂತಾಳ. ನಿಮ್ಮ ಆಯಿ ಮರ್ಯಾದಿ ದೊಡ್ಡದಾತೇನು?"

"ಇವತ್ತ ನೆನಪಾಗತೈತಿ, ನಾಳಿಗಿ ನೆನಪಾಗತೈತಿ ಅನಕೊಂಡು ಕಾದ್ನಿರಿ. ಸುತ್ತಲಿನ ಬಾವಿ ಎಲ್ಲಾ ನಾನ ಇಳದು ನೋಡೇನಿ. ಗವಿ ಸಿಗವಲ್ದು." ಅವನು ಮುಖ ಒರೆಸಿಕೊಂಡ. "ಆಯಿಗಿ ಮರವು ಬಂದೈತಿ ಅಂತ ನಾ ಬಾಯಿಬಿಟ್ಟ ದಿನ ಆಕಿ ಸತ್ತಂಗ್ರಿ. ತಪ್ಪಾತು. ಭಾಳ ತಪ್ಪಾತು."

ನಿನ್ನೆಯಿಡೀ ತನ್ನ ಪೇದೆಗಳು ಇದೇ ಸುತ್ತಿನ ಬಾವಿಗಳಿಗೆ ಬಗ್ಗಿ ಬಗ್ಗಿ ಅಬ್ದುಲರಜಾಕ ಸಾಹೇಬ್ರೇ ಎಂದು ಗಂಟಲು ಹರಿಯುವ ಹಾಗೆ ಕೂಗಿದ್ದು ಸಂಘಮಿತ್ರಾಳಿಗೆ ನೆನಪಾಯಿತು. ಕೂಗಿದ್ದು ಕೇಳಿಸಿರುವುದಿಲ್ಲವೇ ಎಂದಳು.

"ಕೇಳಿರಬೇಕ್ರಿ. ಆದ್ರ ಓಗೊಡೂದಿಲ್ರಿ."

"ಜೀವಾ ಹೋದ್ರೂ?"

"ಮಂದಿ ಕರಿಯೂ ಹೆಸರಿಗಿ ಓಗೊಡೂದಿಲ್ಲ. ಪದರಾ ಕೊಡುವಾಗ ಕಿವ್ಯಾಗ ಒಂದು ಒಳಗಿನ ಹೆಸರು ಕೊಟ್ಟಿರ್ತಾರ್ರಿ. ಆ ಹೆಸರು ಹಿಡದು ಕರದ್ರ ಎದ್ದು ಬರ್ತಾರ. ಇಲ್ಲಾಂದ್ರ ಇಲ್ಲ. ಸಾಹೇಬರು ಅಂಥಾವ್ರು."

ಈ ನೆಲದ ಯಾವುದೋ ಒಂದು ಬಾವಿಯ ಗೋಡೆಯ ಹಿಂದೆ ಒಬ್ಬ ಮುದುಕ ಬತ್ತಿದ ತತ್ರಾಣಿಯ ಪಕ್ಕ ಕೂತು, ತಲೆಯ ಮೇಲೆ ತನ್ನ ಹೆಸರು ಕೂಗಿದ್ದನ್ನು ಕೇಳಿಯೂ ತುಟಿ ಬಿಚ್ಚದೆ, ಬರಬೇಕಾದ ಒಂದು ದನಿಗೆ ಕಾಯುತ್ತಿದ್ದಾನೆ. ಅವನ ಜೊತೆ ಸಾವಂತ್ರವ್ವನ ಪದರವೂ ಅಲ್ಲೇ ಇದೆ, ಇಲ್ಲಿ ಅದರ ಕೊನೆಯ ಒಡತಿ ಚಹಾ ಕುಡಿದದ್ದನ್ನೂ ಮರೆಯುತ್ತಿದ್ದಾಳೆ. ಸಂಘಮಿತ್ರಾಳ ಕಣ್ಣು ತುಂಬಿತು. ಎಂಥ ಜನ ಇವರು ಎನಿಸಿತು. ಅದರ ಹಿಂದೆಯೇ, ಇಂಥ ಜನರನ್ನು ಅವರ ಒಳ್ಳೆಯತನವೇ ಕೊಂದುಹಾಕುತ್ತದಲ್ಲ ಎಂದು ಸಂಕಟವಾಯಿತು.

ಫೋನು ಹಚ್ಚಿ ಪೇದೆ ತಬ್ರೇಜನಿಗೆ ಹೇಳಿದಳು. ಕೂಗುವುದು ಸಾಕು, ಇಳಿಯಬೇಕು. ಮುದುಕಿ ನಡೆದು ಹೋಗಿ ಬರುವಷ್ಟು ದೂರದ ಹಾಳು ಬಾವಿಯೊಂದನ್ನೂ ಬಿಡದೆ ಗೋಡೆ ಬಡಿದು ನೋಡಬೇಕು, ಆಂಬುಲೆನ್ಸು ತಯಾರಿರಬೇಕು. ಅಂಥ ಬಾವಿ ಎಷ್ಟಿವೆ ಎಂದು ಅವನು ಕೇಳಿದ. ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಆಮೇಲೆ ಸಾವಂತ್ರವ್ವನ ಹೊರಸಿನ ಹತ್ತಿರ ಹೋಗಿ, ಅವಳ ಕಾಲ ಹತ್ತಿರ ನೆಲಕ್ಕೆ ಕೂತಳು. ಪೊಲೀಸಿನವಳ ಹಾಗೆ ಕೇಳಲಿಲ್ಲ.

"ಆಯಿ, ಒಬ್ಬರು ನಿಮ್ಮ ಹಾದಿ ನೋಡಾಕತ್ತಾರ. ಕರಿಯಾಕ ಹೋಗೂಣೇನ್ರಿ?"

ಮುದುಕಿ ಅವಳನ್ನು ಬಹಳ ಹೊತ್ತು ನೋಡಿದಳು. ಮುಖದಲ್ಲಿ ಏನೋ ಹಾದುಹೋಯಿತು. ಥಟ್ಟನೆ ಎದ್ದು ಚಪ್ಪಲಿ ಮೆಟ್ಟಿದಳು.

"ಅಯ್ಯ, ಹೌದಲ್ಲ. ತಡಾ ಆತು. ನಡೀ."

ಬೇಲಿ ದಾಟಿ, ಜೋಳದ ಹೊಲದ ಬದು ಹಿಡಿದು ಅವಳು ಹೊರಟ ಓಟಕ್ಕೆ ಸಂಘಮಿತ್ರಾ ಹೆಜ್ಜೆ ಹಾಕುವುದೇ ಕಷ್ಟವಾಯಿತು. ಮಾಳಿಂಗ ಹಿಂದಿನಿಂದ ಬಾಯಿ ಮೇಲೆ ಕೈ ಇಟ್ಟುಕೊಂಡು ಬರುತ್ತಿದ್ದ. ಮುದುಕಿ ಎಲ್ಲಿಯೂ ತಡವರಿಸಲಿಲ್ಲ. ಹಳ್ಳ ಇಳಿದಳು, ಏರು ಹತ್ತಿದಳು, ಒಂದು ಬೇವಿನ ಗಿಡದ ಬುಡದಲ್ಲಿ ಬಂದು ನಿಂತಳು. ಅಲ್ಲಿ ಬಂಡಿದಾರಿ ಮೂರಾಗಿ ಒಡೆದಿತ್ತು.

ಅವಳು ಒಂದೊಂದೇ ದಾರಿಯನ್ನು ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು. ಉಸಿರು ಜೋರಾಗಿ ಬರುತ್ತಿತ್ತು.

"ಹಾದಿ ತಪ್ಪೇತಿ ತಂಗಿ," ಎಂದಳು ಮೆಲ್ಲಗೆ. ಅಂಜಿದ ಮಗುವಿನ ದನಿ ಅದು. ಆಮೇಲೆ ಸಂಘಮಿತ್ರಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಹೆಸರು ಐತಿ. ಈಗ ಬಾಯಾಗ ಐತಿ. ಹೊತ್ತು ಮುಣಗೂತನಕ ಉಳೀತೈತೋ ಇಲ್ಲೋ ಯಾರಿಗಿ ಗೊತ್ತು. ಕೂಡು. ನನಗ ಬೆನ್ನು ಹಚ್ಚಿ ಕೂಡು."

ತಾನು ಬಳಗದವಳಲ್ಲ ಎಂದು ಸಂಘಮಿತ್ರಾ ಹೇಳಲು ಹೋದಳು. ತನಗೆ ಪೂಜೆ, ಮಂತ್ರ ಒಂದರಲ್ಲೂ ನಂಬಿಕೆಯಿಲ್ಲ, ತಾನು ಬುದ್ಧನನ್ನು ನಂಬಿದ ಮನೆಯವಳು ಎಂದೂ ಹೇಳಬೇಕೆಂದಿದ್ದಳು. ಮುದುಕಿ ಆಗಲೇ ಮಣ್ಣಿನ ಮೇಲೆ ಕೂತು ಅತ್ತ ಮುಖ ಮಾಡಿದ್ದಳು.

"ಯಾರು ಏನು ಅಂತ ಕೇಳೂದು ನಮ್ಮ ಪದ್ಧತಿ ಅಲ್ಲ," ಎಂದಳು. "ಲಗೂನ ಕೂಡು."

ಮಾಳಿಂಗ ದೂರ ಸರಿದು, ಬೆನ್ನು ತಿರುಗಿಸಿ, ಎರಡೂ ಕಿವಿ ಮುಚ್ಚಿಕೊಂಡು ನಿಂತ. ಸಂಘಮಿತ್ರಾ ಟೊಪ್ಪಿಗೆ ತೆಗೆದು ನೆಲಕ್ಕಿಟ್ಟಳು. ಖಾಕಿಯ ಬೆನ್ನನ್ನು ಆ ಸವೆದ ಇಳಕಲ್ಲ ಸೀರೆಯ ಬೆನ್ನಿಗೆ ಒರಗಿಸಿದಳು. ಮೊದಲು ಬರೀ ಎಲುಬು ತಾಗಿತು, ಬೆವರು ತಾಗಿತು. ಆಮೇಲೆ ಉಸಿರು. ಓಡಿ ಬಂದ ಏದುಸಿರು ನಿಧಾನಕ್ಕೆ ಇಳಿಯಿತು. ಅದರ ಜೊತೆ ತನ್ನದೂ ಇಳಿಯುತ್ತಿದೆ ಎಂಬುದು ಅವಳಿಗೆ ತಡವಾಗಿ ತಿಳಿಯಿತು. ಒಂದು ಗಳಿಗೆ ಯಾರದು ಯಾವುದು ಎಂದು ಗೊತ್ತಾಗಲಿಲ್ಲ. ನಾನೂರು ವರ್ಷ ಈ ಜನ ಯಾತಕ್ಕೆ ಬಾಯಿ ಮುಚ್ಚಿಕೊಂಡು ಇದನ್ನು ಕಾಯ್ದರು ಎಂಬುದು ಮಾತ್ರ ಆ ಗಳಿಗೆಯಲ್ಲಿ ಅರ್ಥವಾಯಿತು.

ಮುದುಕಿ ತಲೆ ಹಿಂದಕ್ಕೆ ವಾಲಿಸಿ, ಅವಳ ಕಿವಿಯ ಹತ್ತಿರ ಆ ಹೆಸರು ಹೇಳಿದಳು. ಒಂದೇ ಸಲ.

ಸಂಘಮಿತ್ರಾ ಅದನ್ನು ಬಾಯಲ್ಲಿ ಆಡಿ ನೋಡಲಿಲ್ಲ, ಮನಸ್ಸಿನಲ್ಲೇ ಗಟ್ಟಿ ಹಿಡಿದಳು. ಬೆನ್ನು ತೆಗೆಯದೆಯೇ ಕೇಳಿದಳು.

"ಬಾವಿ, ಆಯಿ? ಯಾವ ಬಾವಿ?"

ಬೆನ್ನಿನ ಹಿಂದೆ ಉಸಿರು ಹಗುರಾಗಿತ್ತು, ಹೊರೆ ಇಳಿಸಿದವರ ಉಸಿರಿನ ಹಾಗೆ.

"ಬಾವಿ?" ಎಂದಳು ಸಾವಂತ್ರವ್ವ. "ಯಾಕ ತಂಗಿ, ನೀರಡಿಕಿ ಆಗೇತೇನು?"

ಸಂಘಮಿತ್ರಾ ಎದ್ದು ನಿಂತಳು. ಮೂರು ದಾರಿಗಳೂ ಮುಂದೆ ಬಿದ್ದಿದ್ದವು. ಮುದುಕಿ ದಾಟಿಸಿ ಮರೆತ ಆ ಹೆಸರು ಈಗ ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ನಾಲ್ಕು ದಿನದಿಂದ ಅದನ್ನು ಕೇಳಲು ಕಾಯುತ್ತಿದ್ದರು, ಇನ್ನೊಬ್ಬಳಿಗೆ ಅದನ್ನು ಎಲ್ಲಿ ನಿಂತು ಕೂಗಬೇಕೆಂದು ಗೊತ್ತಿರಲಿಲ್ಲ.